ಚಳಿಗಾಲದ ಬೆಳಗ್ಗೆ ಎಂಜಿನ್ ಸದ್ದು ಮಾಡಿದರೆ ದಪ್ಪ ಆಯಿಲ್ ಹಾಕಬಹುದೇ?

ಬಳ್ಳಾರಿಯ ಚಳಿಗೆ ನಿಮ್ಮ ಪೆಟ್ರೋಲ್ ಕಾರು ಬೆಳಗ್ಗೆ ಟಕಟಕ ಸದ್ದು ಮಾಡುತ್ತದೆ, 20ಡಬ್ಲ್ಯೂ-50 ಎಂಬ ದಪ್ಪ ಆಯಿಲ್ ಹಾಕಿದರೆ ಅದು ನಿಲ್ಲುತ್ತದೆಯೇ ಎಂದು ಕೇಳಿದ್ದೀರಿ. ಬೆಳಗಿನ ಸದ್ದು ನಿಲ್ಲುವುದಿಲ್ಲ; ನನ್ನ ಕಾರಿನಲ್ಲಿ ಎಂಜಿನ್ ಕಾದ ಮೇಲೆ ಮಾತ್ರ ಸದ್ದು ಅಡಗಿತ್ತು, ನಾನು ಕೆಟ್ಟದ್ದು ಅದರಿಂದಲೇ.

ನಾನು ರಾಯಚೂರಿನಿಂದ ಶಕ್ತಿನಗರಕ್ಕೆ ಬೆಳಗಿನ ಪಾಳಿಗೆ ಹೋಗುವವನು. ನಾಲ್ಕು ವರ್ಷಗಳ ಹಿಂದೆ, ಡಿಸೆಂಬರಿನ ನಸುಕಿನಲ್ಲಿ ಕಾರು ಚಾಲೂ ಮಾಡಿದರೆ, ಡಬ್ಬಿಯೊಳಗೆ ಸರಪಳಿ ಹಾಕಿ ಕುಲುಕಿದಂತೆ ಐದಾರು ಸೆಕೆಂಡು ಸದ್ದಾಗುತ್ತಿತ್ತು. ಕಾರಿನ ಜೊತೆ ಬಂದ ಪುಸ್ತಕದಲ್ಲಿ 5ಡಬ್ಲ್ಯೂ-30, ಅಂದರೆ ತೆಳು ಆಯಿಲ್, ಎಂದು ಬರೆದಿತ್ತು. ಆದರೆ ನಮ್ಮ ಬಿಸಿಲಿಗೆ ತೆಳು ಆಯಿಲ್ ತಡೆಯುವುದಿಲ್ಲ ಎಂದು ಇಲ್ಲಿ ಗ್ಯಾರೇಜಿನಿಂದ ಚಹಾದಂಗಡಿಯವರೆಗೆ ಎಲ್ಲರೂ ಹೇಳುತ್ತಾರೆ, ನಾನೂ ನಂಬಿ 20ಡಬ್ಲ್ಯೂ-50 ಹಾಕಿಸಿದೆ. (ಹೊರಗೆ 42 ಡಿಗ್ರಿ ಇದ್ದರೂ ಎಂಜಿನ್ನಿನ ಬಿಸಿಯನ್ನು ಥರ್ಮೋಸ್ಟಾಟ್ ಮತ್ತು ರೇಡಿಯೇಟರ್ ಹಿಡಿತದಲ್ಲಿಡುತ್ತವೆ ಎಂಬುದು ಆಗ ಯಾರಿಗೂ ನೆನಪಾಗಲಿಲ್ಲ.)

ಎಂಜಿನ್ ಕಾದ ಮೇಲೆ ಕಾರು ಮೊದಲಿಗಿಂತ ಮೆತ್ತಗೆ ಓಡತೊಡಗಿತು. ಬೆಳಗಿನ ಸದ್ದು ಮಾತ್ರ ಐದಾರು ಸೆಕೆಂಡಿನಿಂದ ಎಂಟೊಂಬತ್ತು ಸೆಕೆಂಡಿಗೆ ಬೆಳೆದಿತ್ತು. ನನ್ನ ತಪ್ಪು ಇಲ್ಲಿದೆ, ಇದನ್ನು ಬಿಡಿಸಿಯೇ ಹೇಳಬೇಕು: ದಾರಿಯುದ್ದಕ್ಕೂ ಕೇಳದ ಸದ್ದನ್ನು ರೋಗ ವಾಸಿಯಾದ ಲಕ್ಷಣವೆಂದು ಎಣಿಸಿ, ಬೆಳಗಿನ ಆ ಹೆಚ್ಚುವರಿ ಮೂರು ಸೆಕೆಂಡನ್ನು ಚಳಿಯ ತಲೆಗೆ ಕಟ್ಟಿದೆ. ವಾಲ್ವುಗಳನ್ನು ಸರಿಯಾದ ಹೊತ್ತಿಗೆ ತೆರೆಸುವ ಸರಪಳಿಯೇ ಟೈಮಿಂಗ್ ಚೈನ್; ಅದನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಇಂಥ ಎಂಜಿನ್ನುಗಳಲ್ಲಿ ಹೆಚ್ಚಾಗಿ ಆಯಿಲಿನ ಒತ್ತಡದಿಂದ ಕೆಲಸ ಮಾಡುತ್ತದೆ. ರಾತ್ರಿಯೆಲ್ಲ ಆಯಿಲ್ ಕೆಳಗಿಳಿದಿರುವುದರಿಂದ, ಅದು ಮತ್ತೆ ಮೇಲೇರುವವರೆಗೆ ಸಡಿಲ ಚೈನ್ ತಾನು ಜಾರುವ ಪಟ್ಟಿಗೆ, ಅಂದರೆ ಗೈಡಿಗೆ, ಬಡಿಯುತ್ತಿರುತ್ತದೆ. 15 ಡಿಗ್ರಿಯಲ್ಲಿ 20ಡಬ್ಲ್ಯೂ-50 ಆಯಿಲ್ 5ಡಬ್ಲ್ಯೂ-30ಕ್ಕಿಂತ ಮೂರು ನಾಲ್ಕು ಪಟ್ಟು ಮಂದವಾಗಿರುತ್ತದೆ. ಪಂಪಿನ ಒತ್ತಡ ಮಿತಿ ಮೀರಿದೊಡನೆ ರಿಲೀಫ್ ವಾಲ್ವ್ ತೆರೆದುಕೊಂಡು ಒಂದು ಪಾಲು ಆಯಿಲ್ ಮೇಲೇರದೆ ಹಿಂದಿರುಗುತ್ತದೆ, ಆದರೂ ಡ್ಯಾಶ್‌ಬೋರ್ಡಿನಲ್ಲಿ ಆಯಿಲ್ ಒತ್ತಡದ ಕೆಂಪು ದೀಪ ಆರಿ ಎಲ್ಲ ಸರಿಯಿದೆ ಎನ್ನುತ್ತದೆ. ನನ್ನ ಟೆನ್ಷನರ್ ಮೊದಲೇ ಸೋತಿತ್ತು. ದಪ್ಪ ಆಯಿಲ್ ಅದನ್ನು ದಿನವಿಡೀ ಮುಚ್ಚಿಟ್ಟು, ಪ್ರತಿದಿನ ಬೆಳಗ್ಗೆ ಇನ್ನಷ್ಟು ಸವೆಸಿತು. ಮಾರ್ಚಿನಲ್ಲಿ ಲಿಂಗಸುಗೂರು ರಸ್ತೆಯಲ್ಲಿ ಚೈನ್ ಹಲ್ಲು ತಪ್ಪಿ ವಾಲ್ವುಗಳು ಪಿಸ್ಟನ್ನಿಗೆ ಬಡಿದವು. ಎಂಜಿನ್ನಿನ ಮೇಲ್ಭಾಗವಾದ ಹೆಡ್ ಬಿಚ್ಚಿಸಿದ ಖರ್ಚು ₹38,000.

ಆದ್ದರಿಂದ ಯಾವ ಆಯಿಲ್ ಎಂಬ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಡಬ್ಲ್ಯೂ ಎಂದರೆ ವಿಂಟರ್. 20ಡಬ್ಲ್ಯೂ ಆಯಿಲನ್ನು ಚಳಿಯ ಸ್ಟಾರ್ಟಿಂಗಿಗೆ ಪರೀಕ್ಷಿಸುವುದು ಸೊನ್ನೆಗಿಂತ 15 ಡಿಗ್ರಿ ಕೆಳಗೆ, 5ಡಬ್ಲ್ಯೂ ಆಯಿಲನ್ನು 30 ಡಿಗ್ರಿ ಕೆಳಗೆ. ನಮ್ಮ ಜಿಲ್ಲೆಗಳ ಚಳಿ ಅದರ ಹತ್ತಿರಕ್ಕೂ ಹೋಗುವುದಿಲ್ಲ, ಹಾಗಾಗಿ ಎರಡರಲ್ಲಿ ಯಾವುದಿದ್ದರೂ ಕಾರು ಚಾಲೂ ಆಗುತ್ತದೆ; ಸದ್ದಿನ ಮೂಲ ಬೇರೆ ಕಡೆ ಇದೆ. ಕಾರಿನ ಪುಸ್ತಕದಲ್ಲಿರುವ ಆಯಿಲನ್ನೇ ಹಾಕಿಸಿ. ಅದಕ್ಕೂ ಮೊದಲು ಸಮತಟ್ಟಾದ ಜಾಗದಲ್ಲಿ ಡಿಪ್‌ಸ್ಟಿಕ್ ತೆಗೆದು ಮಟ್ಟ ನೋಡಿ, ಏಕೆಂದರೆ ಆಯಿಲ್ ಕಡಿಮೆಯಾದರೂ ಇದೇ ಸದ್ದು ಬರುತ್ತದೆ. ಆಯಿಲ್ ಫಿಲ್ಟರ್ ಅಗ್ಗದ್ದಾಗಿದ್ದರೆ ಅದನ್ನೂ ಬದಲಿಸಿ. ಒಳಗಿನ ರಬ್ಬರ್ ವಾಲ್ವ್ ಸರಿಯಿಲ್ಲದಿದ್ದರೆ ರಾತ್ರಿ ಆಯಿಲ್ ಫಿಲ್ಟರಿನಿಂದ ಇಳಿದುಹೋಗುತ್ತದೆ. ಇಷ್ಟಾದರೂ ಸದ್ದು ಮೂರು ಸೆಕೆಂಡಿಗಿಂತ ಹೆಚ್ಚು ಹೊತ್ತು ಉಳಿದರೆ ಮೊಬೈಲಿನಲ್ಲಿ ಹಿಡಿದು ಮಿಸ್ತ್ರಿಗೆ ಕೇಳಿಸಿ, ಟೆನ್ಷನರ್ ನೋಡಲು ಹೇಳಿ. ಗ್ಯಾರೇಜಿಗೆ ಒಯ್ಯುವಷ್ಟರಲ್ಲಿ ಎಂಜಿನ್ ಕಾದು ಸುಮ್ಮನಾಗಿರುತ್ತದೆ. ನನ್ನ ಮಿಸ್ತ್ರಿ ಎರಡು ಸಲ ಏನೂ ಇಲ್ಲವೆಂದು ಕಳಿಸಿದ್ದು ಹಾಗೆಯೇ.