ಎರಡು ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ಲಾಲ್‌ಬಾಗ್ ಬಂಡೆ

ನೀವು ಕೇಳಿದ್ದು ಇಷ್ಟು: ಬೆಂಗಳೂರಲ್ಲಿ ಇದ್ದುಕೊಂಡು ಚಿಕ್ಕ ಚಿಕ್ಕ ಪ್ರಕೃತಿ ಚಿತ್ರ ಬಿಡಿಸುವವರು ಯಾರಾದರೂ ಇದ್ದೀರಾ, ಅಂಗೈಯಗಲದ ಕಾಗದದಲ್ಲಿ ಬೆಟ್ಟ, ಮರ ಎಲ್ಲ ಹೇಗೆ ಹಿಡಿಸುತ್ತೀರಿ, ಅದಕ್ಕೆ ತುಂಬಾ ಸಣ್ಣ ಬ್ರಷ್ ಬೇಕಾ ಅಂತ.

ಇದ್ದೇನೆ. ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ: ಬೇಡ. ಸಣ್ಣ ಬ್ರಷ್ ನಂಬಿಕೊಂಡೇ ನಾನು ಮೊದಲ ಒಂದು ವರ್ಷ ಹಾಳು ಮಾಡಿಕೊಂಡೆ.

ನಾನು ಓದಿದ್ದು ಕಾಮರ್ಸ್, ದಿನವಿಡೀ ಮಾಡುವುದು ಲೆಕ್ಕ ಬರೆಯುವ ಕೆಲಸ. ಕ್ಯಾನ್ವಾಸ್ ನಿಲ್ಲಿಸಲು ಮನೆಯಲ್ಲಿ ಜಾಗ ಇಲ್ಲ. ಊಟದ ಟೇಬಲ್ಲಿನ ಒಂದು ಮೂಲೆ ನನ್ನದು, ಅದೂ ತಟ್ಟೆ ಹಾಕುವವರೆಗೆ ಮಾತ್ರ. ಹಾಗಾಗಿ ಎ4 ಹಾಳೆಯನ್ನು 5 ಸೆಂಟಿಮೀಟರ್ ಅಗಲ, 7 ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿಕೊಂಡೆ. ಒಂದು ಹಾಳೆಗೆ 16 ತುಂಡು. ಎರಡು ಬೆಂಕಿಪೊಟ್ಟಣ ಪಕ್ಕಪಕ್ಕ ಇಟ್ಟಷ್ಟು ಒಂದೊಂದು. ಕೆಟ್ಟುಹೋದರೂ ಹೊಟ್ಟೆ ಉರಿಯುವುದಿಲ್ಲ.

ಕಾಗದ ಚಿಕ್ಕದು, ಬ್ರಷ್ಷೂ ಚಿಕ್ಕದಿರಬೇಕು ಅಂದುಕೊಂಡು ಮೂರು ಸೊನ್ನೆಯ (000) ತೀರಾ ಸಣ್ಣ ಬ್ರಷ್ ತಂದೆ. ಮಳೆಮರದ ಒಂದೊಂದು ಎಲೆಯನ್ನೂ ಚುಕ್ಕಿ ಚುಕ್ಕಿ ಇಟ್ಟು ಬಿಡಿಸಿದೆ. ಮೂರು ಸಂಜೆ ಹಿಡಿಯಿತು. ಮುಗಿಸಿ ಎರಡಡಿ ದೂರ ಇಟ್ಟು ನೋಡಿದರೆ ಹಳೇ ಬ್ರೆಡ್ ಮೇಲೆ ಬೂಷ್ಟು ಹಿಡಿದ ಹಾಗಿತ್ತು.

ನನಗೆ ಬುದ್ಧಿ ಬಂದಿದ್ದು ಲಾಲ್‌ಬಾಗ್ ಬಂಡೆಯ ಮುಂದೆ. ನೀವೂ ಅಲ್ಲಿಂದಲೇ ಶುರು ಮಾಡಿ. ಮೆಟ್ರೋ ಹಸಿರು ಮಾರ್ಗದಲ್ಲಿ ಲಾಲ್‌ಬಾಗ್ ಅಂತಲೇ ಸ್ಟೇಷನ್ ಇದೆ. ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲು ಅದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಮೇಲೆ ಕೆಂಪೇಗೌಡರ ಹೆಸರಿನ ಪುಟ್ಟ ಗೋಪುರ. ಬೆಳಿಗ್ಗೆ ಏಳು ಗಂಟೆಗೆ ಕೆಳಗೆ ನಿಂತು ಕಣ್ಣು ಅರೆಮುಚ್ಚಿ ನೋಡಿ. ಗೀರು, ಬಿರುಕು, ವಾಕಿಂಗ್ ಜನ ಎಲ್ಲ ಮಾಯವಾಗಿ ಮೂರೇ ಆಕಾರ ಉಳಿಯುತ್ತವೆ: ತಿಳಿ ಆಕಾಶ, ಬೂದು ಗುಡ್ಡ, ಪಕ್ಕದಲ್ಲಿ ಮರಗಳ ಕಪ್ಪು ಗುಂಪು. ಕಾಗದದ ಮೇಲೆ ಬರಬೇಕಾದ್ದು ಆ ಮೂರೇ.

ನಾನು ಜಲವರ್ಣದಲ್ಲಿ ಮಾಡುವುದು ಹೀಗೆ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ, ದಪ್ಪನೆಯ) ಕಾಟನ್ ಪೇಪರ್, ಸುತ್ತ ಮಾಸ್ಕಿಂಗ್ ಟೇಪ್. 6ನೇ ನಂಬರಿನ ದುಂಡು ಬ್ರಷ್. ಈ ಕಾಗದಕ್ಕೆ ಅದು ಪೊರಕೆಯಷ್ಟು ದೊಡ್ಡದು, ಬೇಕಾಗಿರುವುದೂ ಅದೇ. ಕಪ್ಪು ಟ್ಯೂಬ್ ಮುಟ್ಟುವುದಿಲ್ಲ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಎಂಬ ಕೆಂಪುಗಂದು ಬಣ್ಣ ಸೇರಿಸಿದರೆ ಒಳ್ಳೆಯ ಬೂದು ಬರುತ್ತದೆ. ಆ ನೀಲಿಗೆ ಇನ್ನೊಂದು ಗುಣ ಇದೆ: ನೀರು ಜಾಸ್ತಿ ಇದ್ದರೆ ಅದರ ಕಣಗಳು ಕಾಗದದ ತಗ್ಗಿಗೆ ಇಳಿದು ಕೂರುತ್ತವೆ. ಒಣಗಿದ ಮೇಲೆ ತರಿತರಿಯಾಗಿ ಕಾಣುತ್ತದೆ. ಕಲ್ಲಿನ ಮೈ ನೀವು ಬಿಡಿಸಬೇಕಿಲ್ಲ, ಬಣ್ಣವೇ ಬಿಡಿಸಿಕೊಡುತ್ತದೆ. ಒಂದೇ ಸಲ ಬಳಿದು ಕೈ ಕಟ್ಟಿ ಕೂರಬೇಕು. ಮಾರ್ಚಿನಲ್ಲಾದರೆ ನೋಡುನೋಡುತ್ತಾ ಒಣಗುತ್ತದೆ. ಜುಲೈನಲ್ಲಿ ಒಂದು ಕಾಫಿ ಕುಡಿದು ಬರಬಹುದು. ಒಣಗಿದಾಗ ಬಣ್ಣ ಒಂದು ಹಂತ ತಿಳಿಯಾಗುತ್ತದೆ, ಅದಕ್ಕೆ ಮೊದಲೇ ಸ್ವಲ್ಪ ಗಾಢ ಇರಲಿ. ಆಮೇಲೆ ಮಳೆನೀರು ಹರಿದು ಕರೆಗಟ್ಟಿದ ಪಟ್ಟೆಗಳು, ಎರಡೋ ಮೂರೋ.

ಗೋಪುರ ಅಕ್ಕಿಕಾಳಿನಷ್ಟು. ಬಿಸಿಲು ಬಿದ್ದ ಕಡೆ ಕಾಗದವನ್ನು ಹಾಗೇ ಬಿಳಿ ಬಿಡಿ, ನೆರಳಿನ ಕಡೆ 2ನೇ ನಂಬರ್ ಬ್ರಷ್ಷಿನಲ್ಲಿ ಒಂದು ಗೀಟು. ಕಂಬ ಬಿಡಿಸಲು ಹೋದಿರೋ, ಕೆಟ್ಟಿತು.

ಹಸಿರಿನ ವಿಷಯದಲ್ಲಿ ನನಗೆ ಸ್ವಲ್ಪ ಹಟ ಜಾಸ್ತಿ. ಟ್ಯೂಬಿನ ಹಸಿರು ಈ ಊರಿನ ಯಾವ ಮರದಲ್ಲೂ ಇಲ್ಲ. ಬೇಸಿಗೆ ಶುರುವಿನಲ್ಲಿ ಹೊಂಗೆ ಚಿಗುರಿದಾಗ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತದಲ್ಲ, ಅದಕ್ಕೆ ನೀಲಿಯ ಜೊತೆ ನಿಂಬೆ ಹಳದಿ ಬೇಕು. ಮಳೆಮರಕ್ಕೆ ಹಳದಿ ಓಕರ್, ಅಂದರೆ ಮಣ್ಣಿನ ಹಳದಿ. ಇನ್ನೊಂದು, ಬೆಂಗಳೂರಲ್ಲಿ ಕೂತು ಕ್ಯಾಲೆಂಡರಿನ ಹಿಮದ ಬೆಟ್ಟ ಬಿಡಿಸುವವರನ್ನು ಕಂಡರೆ ನನಗೆ ಬೇಜಾರು. 1478 ಮೀಟರಿನ ನಂದಿಬೆಟ್ಟ ಇಲ್ಲೇ ಇದೆ. ಬೆಳಗಿನ ಮಂಜಿನಲ್ಲಿ ಅಲ್ಲಿಂದ ಕಾಣುವ ಗುಡ್ಡಗಳು ದೂರ ಹೋದಷ್ಟೂ ತಿಳಿ ನೀಲಿಯಾಗುತ್ತವೆ. ನಡುವಿನ ಗಾಳಿ ಬೆಳಕನ್ನು ಚದುರಿಸುವುದರಿಂದ ಹಾಗೆ. ದೂರದ್ದಕ್ಕೆ ನೀರು ಜಾಸ್ತಿ, ಹತ್ತಿರದ್ದಕ್ಕೆ ಬಣ್ಣ ಜಾಸ್ತಿ, ಮೂರು ಪದರ ಸಾಕು. ಮಂಜನ್ನು ಬಿಡಿಸುವುದು ಹೇಗೆ ಅಂತ ನೋಡಬೇಕಾದರೆ ಮೈಸೂರಿನ ಹಿರಿಯ ಕಲಾವಿದ ಕೆ. ವೆಂಕಟಪ್ಪನವರ ಊಟಿ ಜಲವರ್ಣಗಳನ್ನು ನೋಡಿ. ಅವು ಇಷ್ಟು ಚಿಕ್ಕವಲ್ಲ, ಆದರೆ ಏನನ್ನು ಬಿಡಬೇಕು ಅನ್ನುವುದು ಅಲ್ಲಿ ಕಾಣುತ್ತದೆ.

ನೀವು ಕಲಿಯಬೇಕೆಂದಿರುವುದು ರಾಜಸ್ಥಾನಿ ಅಥವಾ ಮೊಘಲ್ ಮಿನಿಯೇಚರ್ ಆದರೆ ನನ್ನ ಮಾತು ಕೇಳಬೇಡಿ. ಅದಕ್ಕೆ ಅಳಿಲಿನ ಕೂದಲಿನ ಬ್ರಷ್ಷೇ ಬೇಕು, ಗುರುವೂ ಬೇಕು. ಅಂದಹಾಗೆ ಮಿನಿಯೇಚರ್ ಅನ್ನುವ ಪದಕ್ಕೂ ಮಿನಿಗೂ ಹುಟ್ಟಿನಲ್ಲಿ ಸಂಬಂಧ ಇಲ್ಲ. ಹಳೆಯ ಹಸ್ತಪ್ರತಿಗಳಿಗೆ ಬಳಸುತ್ತಿದ್ದ ಮಿನಿಯಂ ಎಂಬ ಸೀಸದ ಕೆಂಪು ಬಣ್ಣದಿಂದ ಬಂದದ್ದು.

ಫ್ರೇಮ್ ಹಾಕಿಸುವಾಗ ಹುಷಾರು. ಒಂದು ಅಂಗಡಿಯಲ್ಲಿ ಕೊಟ್ಟಿದ್ದೆ. ಮೌಂಟಿಗೆ (ಚಿತ್ರದ ಸುತ್ತ ಕೂರಿಸುವ ರಟ್ಟಿಗೆ) ಕೂರುತ್ತಿಲ್ಲ ಅಂತ ಮೇಲಿನ ಅಂಚನ್ನು ಸುಮ್ನೆ ಕತ್ತರಿಸಿಬಿಟ್ಟಿದ್ದರು. ಗೋಪುರದ ತಲೆಯೇ ಹೋಗಿತ್ತು. ಚಿತ್ರಕ್ಕಿಂತ ಆ ಫ್ರೇಮಿಗೇ ದುಡ್ಡು ಜಾಸ್ತಿ ಬಿದ್ದಿತ್ತು. ಈಗ ಟೇಪ್ ಹಾಕುವಾಗಲೇ ಸುತ್ತ ಅರ್ಧ ಸೆಂಟಿಮೀಟರ್ ಬಿಟ್ಟಿರುತ್ತೇನೆ.

ಹೊರಗೆ ಕೂತು ಬಿಡಿಸಿದರೆ ಜನ ಬಗ್ಗಿ ನೋಡುತ್ತಾರೆ, ಅದಕ್ಕೂ ತಯಾರಿರಿ. ಒಮ್ಮೆ ಬಂಡೆ ಮೇಲೆ ಕೂತಿದ್ದ ಅಜ್ಜಿಯೊಬ್ಬರು ಇಳಿದು ಬಂದು, "ಏನಪ್ಪಾ, ಸ್ಟಾಂಪು ಅಂಟಿಸ್ತಿದ್ದೀಯಾ?" ಅಂದರು. ಚಿತ್ರ ತೋರಿಸಿದೆ. ಕನ್ನಡಕ ಮೇಲೇರಿಸಿ ತುಂಬಾ ಹೊತ್ತು ನೋಡಿದರು.

"ಇಷ್ಟೊತ್ತು ಅಲ್ಲೇ ಕೂತಿದ್ನಲ್ಲ, ನಾನೆಲ್ಲಿ?"

ಬ್ರಷ್ ತುದಿಯಲ್ಲಿ ಒಂದು ಕೆಂಪು ಚುಕ್ಕಿ ಇಟ್ಟು, ಇದೇ ನೀವು ಅಜ್ಜಿ ಅಂದೆ.

"ನನ್ನ ಸೀರೆ ಹಸಿರು ಕಣಪ್ಪಾ" ಅಂದರು. ನೋಡಿದೆ. ಹೌದು, ಹಸಿರೇ.