ಲ್ಯಾಪ್‌ಟಾಪ್ ಯಾರ ಹತ್ತಿರ ಇದೆ? ಪೋಸ್ಟ್‌ಗ್ರೆಸ್‌ಗೇ ಕೇಳಬಹುದಾ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಒಂದು ಖಾಸಗಿ ಕಂಪನಿಯ ಐಟಿ ವಿಭಾಗ ನೋಡಿಕೊಳ್ಳುತ್ತೇನೆ. ಸಿಬ್ಬಂದಿಯ ವಿವರ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿದೆ. ಲ್ಯಾಪ್‌ಟಾಪ್, ಮಾನಿಟರ್, ಪ್ರಿಂಟರ್‌ಗಳ ಲೆಕ್ಕ ಸ್ನೈಪ್-ಐಟಿ ಎಂಬ ಸಾಫ್ಟ್‌ವೇರ್‌ನಲ್ಲಿದೆ, ಅದರ ಹಿಂದೆ ಇರುವುದು ಮೈಎಸ್‌ಕ್ಯುಎಲ್ ಎಂಬ ಬೇರೆ ಡೇಟಾಬೇಸ್. ಕೆಲಸ ಬಿಟ್ಟವರ ಹೆಸರಲ್ಲಿ ಇನ್ನೂ ಏನೇನು ಉಳಿದಿದೆ ಅಂತ ಎಚ್‌ಆರ್‌ನವರು ಪ್ರತಿ ತಿಂಗಳೂ ಕೇಳುತ್ತಾರೆ. ಎರಡೂ ಕಡೆಯಿಂದ ಎಕ್ಸೆಲ್‌ಗೆ ಇಳಿಸಿ ವಿಲುಕಪ್ ಹಾಕಿ ಹಾಕಿ ಸಾಕಾಗಿದೆ. ಪೋಸ್ಟ್‌ಗ್ರೆಸ್ ಒಳಗಿಂದಲೇ ಎರಡೂ ಕಡೆಯ ಡೇಟಾ ಕೇಳಲು, ಅಂದರೆ ಕ್ವೆರಿ ಮಾಡಲು ಆಗುತ್ತಾ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಧಾರಾಳವಾಗಿ ಆಗುತ್ತದೆ. ಇದಕ್ಕೆ ಫಾರಿನ್ ಡೇಟಾ ವ್ರ್ಯಾಪರ್ ಅಂತಾರೆ, ನಾವೆಲ್ಲ ಎಫ್‌ಡಿಡಬ್ಲ್ಯೂ ಅಂದುಬಿಡುತ್ತೇವೆ. ಡೇಟಾ ಬೇರೆ ಕಡೆ ಇರುತ್ತದೆ, ನಿಮ್ಮ ಡೇಟಾಬೇಸ್‌ನಲ್ಲಿ ಅದು ಒಂದು ಟೇಬಲ್ ಥರ ಕಾಣುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಇಂಥ ಫಾರಿನ್ ಟೇಬಲ್ ಬಂದಿದ್ದು 2011ರ 9.1 ಆವೃತ್ತಿಯಲ್ಲಿ. ಹೊಸ ಸರ್ಕಸ್ ಏನಲ್ಲ, ಹೆದರಬೇಡಿ.

ನಿಮಗೆ ಬೇಕಿರುವುದು ಮೈಎಸ್‌ಕ್ಯುಎಲ್ ಎಫ್‌ಡಿಡಬ್ಲ್ಯೂ ಎಂಬ ಎಕ್ಸ್‌ಟೆನ್ಶನ್, ಅಂದರೆ ಪೋಸ್ಟ್‌ಗ್ರೆಸ್‌ಗೆ ಸೇರಿಸುವ ಹೆಚ್ಚುವರಿ ಭಾಗ. ಎಂಟರ್‌ಪ್ರೈಸ್‌ಡಿಬಿಯವರದು, ಓಪನ್ ಸೋರ್ಸ್. ಮೊದಲು ಎಕ್ಸ್‌ಟೆನ್ಶನ್ ಹಾಕಿ. ಆಮೇಲೆ 'ಕ್ರಿಯೇಟ್ ಸರ್ವರ್'ನಲ್ಲಿ ಆ ಕಡೆಯ ವಿಳಾಸ ಮತ್ತು ಪೋರ್ಟ್, 'ಕ್ರಿಯೇಟ್ ಯೂಸರ್ ಮ್ಯಾಪಿಂಗ್'ನಲ್ಲಿ ಹೆಸರು ಮತ್ತು ಪಾಸ್‌ವರ್ಡ್. ಕೊನೆಗೆ 'ಇಂಪೋರ್ಟ್ ಫಾರಿನ್ ಸ್ಕೀಮಾ' ಅಂದರೆ ಅಲ್ಲಿನ ಟೇಬಲ್‌ಗಳೆಲ್ಲ ಕಾಲಂ ಸಮೇತ ಬಂದು ಕೂರುತ್ತವೆ. ಈ ಕೊನೆಯ ಹೆಜ್ಜೆಯಲ್ಲೇ ಸ್ವಲ್ಪ ತಡೆಯಿರಿ. ಸ್ನೈಪ್-ಐಟಿಯ ಯೂಸರ್ಸ್ ಟೇಬಲ್‌ನಲ್ಲಿ ಪಾಸ್‌ವರ್ಡ್ ಹ್ಯಾಶ್ (ಪಾಸ್‌ವರ್ಡಿನ ಗೂಢ ರೂಪ) ಕೂಡ ಒಂದು ಕಾಲಂ. ಎಚ್‌ಆರ್ ರಿಪೋರ್ಟಿಗೆ ಅದು ಯಾಕೆ ಬೇಕು?

ನಾನಾದರೆ ಹೀಗೆ ಮಾಡುತ್ತೇನೆ. ಮೈಎಸ್‌ಕ್ಯುಎಲ್ ಕಡೆಯಲ್ಲೇ ಒಂದು ವ್ಯೂ (ಹೆಸರಿಟ್ಟು ಉಳಿಸಿದ ಕ್ವೆರಿ, ಟೇಬಲ್ ಥರ ಕಾಣುತ್ತದೆ) ಬರೆದು, ಬೇಕಾದ ಏಳೆಂಟು ಕಾಲಂ ಮಾತ್ರ ಅದರಲ್ಲಿ ಇಡುತ್ತೇನೆ. ಹೊಸ ಯೂಸರ್ ಒಬ್ಬನನ್ನು ಮಾಡಿ, ಆ ವ್ಯೂ ಮೇಲೆ ಸೆಲೆಕ್ಟ್, ಅಂದರೆ ಓದುವ ಅನುಮತಿ ಮಾತ್ರ ಕೊಡುತ್ತೇನೆ. ಪೋಸ್ಟ್‌ಗ್ರೆಸ್‌ನ ಫಾರಿನ್ ಟೇಬಲ್ ಆ ವ್ಯೂ ಕಡೆ ನೋಡಿದರೆ ಸಾಕು. ಸ್ನೈಪ್-ಐಟಿ ಅಪ್‌ಗ್ರೇಡ್‌ನಲ್ಲಿ ಕಾಲಂ ಹೆಸರು ಬದಲಾದರೂ ಸರಿಮಾಡಬೇಕಾದ ಜಾಗ ಒಂದೇ.

ಸೆಲೆಕ್ಟ್ ಮಾತ್ರ ಅಂದಿದ್ದಕ್ಕೆ ಕಾರಣ ಇದೆ. ಈ ಎಫ್‌ಡಿಡಬ್ಲ್ಯೂ ಮೂಲಕ ಅಪ್‌ಡೇಟ್ ಕೂಡ ಮಾಡಬಹುದು. ಯಾರೋ ಉತ್ಸಾಹಿ ಇಲ್ಲಿಂದಲೇ ಲ್ಯಾಪ್‌ಟಾಪ್‌ನ ಮಾಲೀಕರನ್ನು ಬದಲಾಯಿಸಿದ ಅಂದುಕೊಳ್ಳಿ. ಟೇಬಲ್‌ನಲ್ಲಿ ಹೆಸರೇನೋ ಬದಲಾಗುತ್ತದೆ. ಆದರೆ ಯಾರು ಯಾವಾಗ ಕೊಟ್ಟರು, ವಾಪಸ್ ತಗೊಂಡರು ಅನ್ನುವ ಹಿಸ್ಟರಿಯನ್ನು ಬರೆಯುವುದು ಸ್ನೈಪ್-ಐಟಿ ಅಪ್ಲಿಕೇಶನ್, ಡೇಟಾಬೇಸ್ ಅಲ್ಲ. ಹಿಸ್ಟರಿಯಲ್ಲಿ ಒಂದು ಸಾಲೂ ಸಿಗುವುದಿಲ್ಲ. ಆಡಿಟ್‌ನವರು ಬಂದಾಗ ಉತ್ತರ ಹೇಳುವವರು ನೀವೇ.

ಜೋಡಣೆ ಅರ್ಧ ದಿನದ ಕೆಲಸ. ತಲೆ ತಿನ್ನುವುದು ಆ ಕಡೆಯ ಕಾಲಂಗಳ ಅರ್ಥ. 'ಅಸೈನ್ಡ್ ಟು' ಕಾಲಂನಲ್ಲಿ 57 ಅಂತ ಇದ್ದರೆ ಅದು 57ನೇ ಯೂಸರ್ ಅಂತ ಯಾರಿಗಾದರೂ ಅನಿಸುತ್ತದೆ, ಅಲ್ವಾ? ಆಗಿರಬೇಕು ಅಂತೇನಿಲ್ಲ. ಸ್ನೈಪ್-ಐಟಿಯಲ್ಲಿ ಸಾಮಾನನ್ನು ಮನುಷ್ಯರಿಗೂ ಕೊಡಬಹುದು, ಒಂದು ಜಾಗಕ್ಕೂ ಕೊಡಬಹುದು, ಇನ್ನೊಂದು ಸಾಮಾನಿಗೂ ಕೊಡಬಹುದು. 57 ಯಾವ ಟೇಬಲ್‌ನ 57 ಅಂತ ಹೇಳುವುದು ಪಕ್ಕದ 'ಅಸೈನ್ಡ್ ಟೈಪ್' ಕಾಲಂ. ಅದನ್ನು ನೋಡದೆ ಯೂಸರ್ಸ್ ಟೇಬಲ್‌ಗೆ ಜೋಡಿಸಿದರೆ, ಅಂದರೆ ಜಾಯಿನ್ ಮಾಡಿದರೆ, ಮೀಟಿಂಗ್ ರೂಮಿನ ಪ್ರೊಜೆಕ್ಟರ್ ಹೋಗಿ ಯಾವುದೋ ಪಾಪದ ಉದ್ಯೋಗಿಯ ಹೆಸರಿಗೆ ಅಂಟಿಕೊಳ್ಳುತ್ತದೆ. ಎರರ್ ಬರುವುದಿಲ್ಲ. ರಿಪೋರ್ಟ್ ಚೆನ್ನಾಗಿಯೇ ಕಾಣುತ್ತದೆ. ಅದೇ ಅಪಾಯ.

ಆ ಕಾಲಂನಲ್ಲಿರುವ ಮೌಲ್ಯವೂ ಸ್ವಲ್ಪ ತರಲೆ. ಮನುಷ್ಯರಿಗೆ ಕೊಟ್ಟ ಸಾಮಾನಾದರೆ 'ಆ್ಯಪ್', 'ಮಾಡೆಲ್ಸ್', 'ಯೂಸರ್' ಎಂಬ ಮೂರು ಇಂಗ್ಲಿಷ್ ಪದಗಳು, ಪದಗಳ ನಡುವೆ ಒಂದೊಂದು ಬ್ಯಾಕ್‌ಸ್ಲ್ಯಾಶ್. ಮೈಎಸ್‌ಕ್ಯುಎಲ್ ಪ್ರಾಂಪ್ಟ್‌ನಲ್ಲಿ ಬರೆಯುವಾಗ ಪ್ರತಿ ಬ್ಯಾಕ್‌ಸ್ಲ್ಯಾಶನ್ನೂ ಎರಡೆರಡು ಸಲ ಒತ್ತಬೇಕು, ಪೋಸ್ಟ್‌ಗ್ರೆಸ್‌ನಲ್ಲಿ ಒಂದೇ ಸಲ. ಕ್ವೆರಿ ಸರಿ ಇದ್ದೂ ಸೊನ್ನೆ ಸಾಲು ಬಂದರೆ ಮೊದಲು ಇಲ್ಲಿ ಹುಡುಕಿ.

ಇನ್ನೊಂದು, 'ಡಿಲೀಟೆಡ್ ಅಟ್' ಕಾಲಂ. ಸ್ನೈಪ್-ಐಟಿಯಲ್ಲಿ ಅಳಿಸಿದ ಸಾಮಾನು ಪರದೆಯಿಂದ ಮಾಯವಾಗುತ್ತದೆ, ಟೇಬಲ್‌ನಲ್ಲಿ ಹಾಗೇ ಇರುತ್ತದೆ. ಈ ಕಾಲಂ ನಲ್, ಅಂದರೆ ಖಾಲಿ ಇರುವ ಸಾಲು ಮಾತ್ರ ಜೀವಂತ. ಇದನ್ನೂ ಅಸೈನ್ಡ್ ಟೈಪ್ ಷರತ್ತನ್ನೂ ಮೈಎಸ್‌ಕ್ಯುಎಲ್ ವ್ಯೂ ಒಳಗೇ ಹಾಕಿಬಿಟ್ಟರೆ ನೆಮ್ಮದಿ.

ನಿಮ್ಮ ಎಚ್‌ಆರ್ ಟೇಬಲ್ ಜತೆ ಜಾಯಿನ್ ಮಾಡಲು ಹೆಸರಿನ ಬದಲು ಉದ್ಯೋಗಿ ಸಂಖ್ಯೆ ಬಳಸಿ. ಒಂದು ಕಡೆ '00412', ಇನ್ನೊಂದು ಕಡೆ '412' ಇರುವುದು ತೀರಾ ಮಾಮೂಲಿ. ಎಕ್ಸೆಲ್‌ನಲ್ಲಿ ಒಮ್ಮೆ ಓಡಾಡಿ ಬಂದ ಸಂಖ್ಯೆಗೆ ಮುಂದಿನ ಸೊನ್ನೆ ಉಳಿಯುವುದೇ ಕಷ್ಟ. ಮುಂದಿನ ಸೊನ್ನೆ ಕಿತ್ತು ಎರಡನ್ನೂ ಒಂದೇ ರೂಪಕ್ಕೆ ತಂದು ಹೋಲಿಸಿ.

ಇನ್ನು ವೇಗ. ಫಾರಿನ್ ಟೇಬಲ್ ಮೇಲೆ ನೀವು ಇಂಡೆಕ್ಸ್ (ಬೇಗ ಹುಡುಕಲು ಬೇಕಾದ ಸೂಚಿ) ಕಟ್ಟಲು ಬರುವುದಿಲ್ಲ. ಕ್ವೆರಿಯ ಮುಂದೆ 'ಎಕ್ಸ್‌ಪ್ಲೇನ್ ವರ್ಬೋಸ್' ಹಾಕಿ ಓಡಿಸಿದರೆ ಆ ಕಡೆಗೆ ಏನು ಕೇಳಿ ಕಳಿಸಿದೆ ಅಂತ ರಿಮೋಟ್ ಕ್ವೆರಿ ಸಾಲಿನಲ್ಲಿ ಕಾಣುತ್ತದೆ. ಯಾವ ಸಾಲು ಬೇಕು ಅಂತ ಹೇಳುವ ನಿಮ್ಮ 'ವೇರ್' ಷರತ್ತು ಅಲ್ಲಿ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಇಡೀ ಟೇಬಲ್ ಇಲ್ಲಿಗೆ ಬಂದು, ಆಮೇಲೆ ಸೋಸಿಕೊಳ್ಳುತ್ತಿದೆ ಅಂತ ಅರ್ಥ. ಎರಡು ಸಾವಿರ ಸಾಲಿಗೆ ಪರವಾಗಿಲ್ಲ, ಜಾಸ್ತಿಯಾದರೆ ಕಷ್ಟ.

ತಿಂಗಳಿಗೊಮ್ಮೆ ನೋಡುವ ರಿಪೋರ್ಟಿಗೆ ನೇರ ಕ್ವೆರಿ ಸಾಕು. ಆದರೆ ದಿನವಿಡೀ ತೆರೆದಿರುವ ಡ್ಯಾಶ್‌ಬೋರ್ಡನ್ನು ಫಾರಿನ್ ಟೇಬಲ್ ಮೇಲೆ ನಿಲ್ಲಿಸಬೇಡಿ. ಸ್ನೈಪ್-ಐಟಿ ಸರ್ವರ್ ರೀಸ್ಟಾರ್ಟ್ ಆದರೆ ನಿಮ್ಮ ಪೇಜೂ ಮಲಗುತ್ತದೆ. ಮಟೀರಿಯಲೈಜ್ಡ್ ವ್ಯೂ (ಫಲಿತಾಂಶವನ್ನು ಇಲ್ಲೇ ಉಳಿಸಿಡುವ ವ್ಯೂ) ಮಾಡಿ, ರಾತ್ರಿ ಒಮ್ಮೆ ರಿಫ್ರೆಶ್ ಮಾಡಿ. ಆ ಕಡೆ ಸರ್ವರ್ ಸಿಗದಿದ್ದರೆ ರಿಫ್ರೆಶ್ ಫೇಲ್ ಆಗುತ್ತದೆ, ನಿನ್ನೆಯ ಡೇಟಾ ಹಾಗೇ ಇರುತ್ತದೆ. ಡೇಟಾ ತಂದ ಸಮಯಕ್ಕೂ ಒಂದು ಕಾಲಂ ಇಡಿ. ಹಳೆಯದು ಅಂತ ನೋಡುವವರಿಗೆ ಗೊತ್ತಾಗಬೇಕು.

ಪ್ರಶ್ನೆ: ನಮ್ಮದು ಬೇರೆಯವರು ನಡೆಸುವ ಕ್ಲೌಡ್ ಸ್ನೈಪ್-ಐಟಿ. ಡೇಟಾಬೇಸ್ ಕೈಗೆ ಸಿಗುವುದಿಲ್ಲ, ಎಪಿಐ (ಪ್ರೋಗ್ರಾಂ ಮೂಲಕ ಡೇಟಾ ಕೇಳುವ ದಾರಿ) ಮಾತ್ರ. ಏನು ಮಾಡಲಿ?
— ಓದುಗರೊಬ್ಬರು, ಮಂಗಳೂರು

ಉತ್ತರ: ಎಪಿಐಯನ್ನೂ ಟೇಬಲ್ ಥರ ತೋರಿಸಬಹುದು. ಮಲ್ಟಿಕಾರ್ನ್ ಅಂತ ಇದೆ, ಪೈಥಾನ್‌ನಲ್ಲಿ ನಿಮ್ಮದೇ ವ್ರ್ಯಾಪರ್ ಬರೆಯಲು ಬಿಡುತ್ತದೆ. ಆದರೆ ನನ್ನ ಸಲಹೆ: ಬೇಡ. ಯಾರಾದರೂ ಸುಮ್ನೆ ಒಂದು ಕೌಂಟ್ ಕೇಳಿದರೂ ಎಪಿಐಗೆ ಪುಟ ಪುಟವಾಗಿ ಕರೆ ಹೋಗುತ್ತದೆ, ಮಿತಿ ದಾಟಿದರೆ ಬಾಗಿಲು ಹಾಕುತ್ತಾರೆ. ರಾತ್ರಿ ಒಂದು ಸಣ್ಣ ಸ್ಕ್ರಿಪ್ಟ್ ಎಲ್ಲವನ್ನೂ ಎಳೆದು ಮಾಮೂಲಿ ಟೇಬಲ್‌ಗೆ ತುಂಬಲಿ. ಇಂಡೆಕ್ಸ್ ಕೂಡ ಕಟ್ಟಿಕೊಳ್ಳಬಹುದು.

ಪ್ರಶ್ನೆ: ನಮ್ಮ ಆಫೀಸಿನಲ್ಲಿ ಮೈಕ್ರೋಸಾಫ್ಟ್ ಎಸ್‌ಕ್ಯುಎಲ್ ಸರ್ವರ್. ಅದರಲ್ಲೂ ಇಂಥದ್ದು ಇದೆಯಾ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಇದೆ, ಲಿಂಕ್ಡ್ ಸರ್ವರ್. ನಾಲ್ಕು ಭಾಗದ ಹೆಸರು (ಸರ್ವರ್, ಡೇಟಾಬೇಸ್, ಸ್ಕೀಮಾ, ಟೇಬಲ್) ಕೊಟ್ಟು ನೇರ ಸೆಲೆಕ್ಟ್ ಮಾಡಿದರೆ ಕೆಲವೊಮ್ಮೆ ಇಡೀ ಟೇಬಲ್ ಎಳೆದುಕೊಳ್ಳುತ್ತದೆ. 'ಓಪನ್‌ಕ್ವೆರಿ' ಬಳಸಿದರೆ ನೀವು ಬರೆದ ಕ್ವೆರಿ ಹಾಗೇ ಆ ಕಡೆ ಹೋಗಿ ಅಲ್ಲೇ ಓಡುತ್ತದೆ. ಅದರೊಳಗೆ ವೇರಿಯಬಲ್ ಹಾಕಲು ಬಿಡುವುದಿಲ್ಲ ಅನ್ನುವುದೊಂದು ಕಿರಿಕಿರಿ. ತಾರೀಕು ಬದಲಾಗುತ್ತಿದ್ದರೆ ಇಡೀ ಕ್ವೆರಿಯನ್ನು ಸ್ಟ್ರಿಂಗ್ ಆಗಿ ಕಟ್ಟಿ ಓಡಿಸಬೇಕು.