ಮಲ್ಪೆ ಬೀಚ್ ಹತ್ತಿರ ವಾಸಕ್ಕೆ ಹಳೆ ಮನೆ ಅಥವಾ ಸೈಟ್ ಕೊಳ್ಳಬಹುದಾ?

ಕೊಳ್ಳಬಹುದು. ಆದರೆ ಜಗಲಿಯಿಂದಲೇ ಅಲೆ ಕಾಣಬೇಕು ಅಂತ ಹಟ ಬೇಡ. ಭರತದ ಗೆರೆಯಿಂದ (ಉಬ್ಬರದ ನೀರು ಬರುವ ಗರಿಷ್ಠ ಮಟ್ಟ) 500 ಮೀಟರ್‌ವರೆಗೆ ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮ ಇದೆ. ಪಟ್ಟಣದೊಳಗೆ, ಈಗಾಗಲೇ ಇರುವ ರಸ್ತೆ ಅಥವಾ ಕಟ್ಟಡಗಳಿಂದ ಭೂಮಿ ಕಡೆಗೆ ಮಾತ್ರ ಕಟ್ಟಬಹುದು, ಕಡಲ ಕಡೆಗಲ್ಲ. ಹಳ್ಳಿ ಕಡೆ, 2019ರ ಅಧಿಸೂಚನೆಯಂತೆ ಜನ ದಟ್ಟವಾಗಿರುವಲ್ಲಿ ಮೊದಲ 50 ಮೀಟರ್‌ನೊಳಗೆ, ಉಳಿದೆಡೆ ಮೊದಲ 200 ಮೀಟರ್‌ನೊಳಗೆ ಬೇರೆ ಊರಿನವರು ಹೊಸ ಮನೆ ಕಟ್ಟುವಂತಿಲ್ಲ.

ಹಳೆ ಮನೆಯಾದರೆ ಮೊದಲು ತಾರಸಿಯ ಅಡಿಭಾಗ ನೋಡಿ. ಗಾರೆ ಉಬ್ಬಿ, ತುಕ್ಕಿನ ಕಲೆ ಕಂಡರೆ ಉಪ್ಪುಗಾಳಿ ಕಬ್ಬಿಣದವರೆಗೂ ಹೋಗಿದೆ ಅಂತ ಅರ್ಥ. ಹೊಸ ಪೇಂಟ್ ಹೊಡೆದಿದ್ದರೆ ಇನ್ನೂ ಅನುಮಾನಪಡಿ! ಕಿಟಕಿ ಸರಳು, ಗೇಟಿನ ಕೀಲು, ಎಸಿಯ ಹೊರಗಿನ ಪೆಟ್ಟಿಗೆ ಎಲ್ಲಕ್ಕೂ ಇಲ್ಲಿ ಆಯಸ್ಸು ಕಡಿಮೆ. ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು ಇದ್ದರೆ ನಾನಂತೂ ಅದನ್ನೇ ಆರಿಸುತ್ತೇನೆ.

ಬಾವಿ ನೀರನ್ನು ಏಪ್ರಿಲ್-ಮೇನಲ್ಲಿ ಕುಡಿದು ನೋಡಿ, ಆಗಲೇ ಉಪ್ಪು ಗೊತ್ತಾಗೋದು. ಜಾಗವನ್ನು ಜುಲೈ ಮಳೆಯಲ್ಲಿ ನೋಡಿ. ಡಿಸೆಂಬರ್‌ನಲ್ಲಿ ಎಲ್ಲ ಬೀಚೂ ಚೆಂದವೇ ಅಲ್ವಾ? ಕಡಲ್ಕೊರೆತ ತಡೆಯುವ ಕಲ್ಲಿನ ತಡೆಗೋಡೆ ಎದುರಿಗಿದ್ದರೆ, ಅಕ್ಕಪಕ್ಕದವರ ಹತ್ತಿರ ಹಿಂದೆ ಎಷ್ಟು ಜಾಗ ಹೋಗಿದೆ ಕೇಳಿ.

ಪಹಣಿ, ಕನ್ವರ್ಷನ್ (ಕೃಷಿ ಜಮೀನನ್ನು ಮನೆಗೆ ಬದಲಿಸಿದ ಆದೇಶ), ಇಸಿ (ಜಾಗದ ಮೇಲೆ ಸಾಲ-ಋಣ ಇದೆಯಾ ಎಂಬ ಪ್ರಮಾಣಪತ್ರ) ನೋಡೋದು ಮಾಮೂಲಿ. ಈ ಕಡೆ ಮೂಲಗೇಣಿ (ಶಾಶ್ವತ ಗೇಣಿಗೆ ಕೊಟ್ಟ) ಜಾಗಗಳೂ ಇವೆ. ಅಂಥ ಜಾಗದ ಕಾಗದಪತ್ರ ವಕೀಲರಿಗೆ ತೋರಿಸದೆ ಅಡ್ವಾನ್ಸ್ ಕೊಡಬೇಡಿ.